ದೂರದ ಗಣಕಯಂತ್ರದ ನಿಯಂತ್ರಣ: ತಂತ್ರಾಂಶವನ್ನು ಆರಿಸುವ ಬಗೆ

ದೂರದಲ್ಲಿರುವ ಗಣಕಯಂತ್ರವನ್ನು ಇದ್ದಲ್ಲಿಂದಲೇ ನಡೆಸುವುದು ಇಂದು ಕಾಲೇಜುಗಳಲ್ಲಿಯೂ ಸಂಶೋಧನ ವಿಭಾಗಗಳಲ್ಲಿಯೂ ಆವಶ್ಯಕವಾದ ಕಾರ್ಯವಾಗಿದೆ. ಇದಕ್ಕೆ ಒದಗುವ ತಂತ್ರಾಂಶಗಳು ಹಲವು ಉಂಟು. ಹೆಸರಾದುದನ್ನೋ ಹಣವಿಲ್ಲದೆ ದೊರೆಯುವುದನ್ನೋ ಹಿಡಿದುಬಿಡುವುದು ಸಾಮಾನ್ಯವಾದ ರೂಢಿ. ಈ ಕ್ರಮವು ಯುಕ್ತವಲ್ಲ. ಆಯ್ಕೆಗೆ ಮುನ್ನ ಎರಡು ಪ್ರಶ್ನೆಗಳು ಇತ್ಯರ್ಥವಾಗಬೇಕು. ಜಾಲದಲ್ಲಿ ಹರಿಯಬೇಕಾದುದು ಅಕ್ಷರವೋ, ಚಿತ್ರವೋ? ಯಂತ್ರದ ಬಾಗಿಲು ಯಾರ ಕಡೆಗೆ ತೆರೆದಿರುತ್ತದೆ?

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿದೆ. ಅದೇ ತಾಲ್ಲೂಕಿನ ಭೂಸನೂರಿನಲ್ಲಿ ಕ್ಷೇತ್ರಕಾರ್ಯಕ್ಕೆಂದು ತಂಗಿದ ಸಂಶೋಧಕನೊಬ್ಬನು ಕಡಗಂಚಿಯ ಯಂತ್ರದಲ್ಲಿ ತನ್ನ ಕನ್ನಡ ಪಠ್ಯಗಳನ್ನು ಪರಿಷ್ಕರಿಸಬೇಕಾಗಿದೆಯೆಂದು ಭಾವಿಸೋಣ. ಅವನಿಗಿರುವುದು ಮೊಬೈಲಿನ ಸಂಪರ್ಕವೊಂದೇ; ಅದರ ವೇಗ ಸೆಕೆಂಡಿಗೆ ೨೦ ಲಕ್ಷ ಬಿಟ್ ಎಂದಿಟ್ಟುಕೊಳ್ಳೋಣ.

ಅಗಲದಲ್ಲಿ ೧೯೨೦, ಎತ್ತರದಲ್ಲಿ ೧೦೮೦ ಬಿಂದುಗಳಿರುವ ತೆರೆಯಲ್ಲಿ ಒಟ್ಟು ೨೦,೭೩,೬೦೦ ಬಿಂದುಗಳಿರುತ್ತವೆ. ಒಂದೊಂದಕ್ಕೆ ಮೂರು ಬೈಟಿನಂತೆ ಒಂದೇ ಚಿತ್ರಕ್ಕೆ ಸುಮಾರು ೬೨ ಲಕ್ಷ ಬೈಟುಗಳು ಬೇಕು. ಮೇಲೆ ಹೇಳಿದ ವೇಗದಲ್ಲಿ ಇದು ಬಂದು ಮುಟ್ಟಲು ೨೫ ಸೆಕೆಂಡು ಹಿಡಿಯುತ್ತದೆ. ೮೦ ಅಕ್ಷರಗಳ ೨೪ ಸಾಲುಗಳುಳ್ಳ ಆಂಗ್ಲ ಅಕ್ಷರತೆರೆಗಾದರೋ ೧,೯೨೦ ಬೈಟುಗಳು ಸಾಕು. ಕನ್ನಡಕ್ಕೆ ಇದರ ಕೆಲವು ಪಟ್ಟು ಬೇಕಾದರೂ ಅದು ಚಿತ್ರದ ಮುಂದೆ ಅಲ್ಪವೇ. ಚಿತ್ರವನ್ನು ಕಳುಹಿಸುವ ತಂತ್ರಾಂಶಗಳು ಬದಲಾದ ಭಾಗವನ್ನು ಮಾತ್ರ ಸಂಕೋಚಿಸಿ ಕಳುಹಿಸುವುದರಿಂದ ಹೊರೆ ಬಹುವಾಗಿ ಇಳಿಯುತ್ತದೆ, ನಿಜ. ಆದರೂ ಮೂಲದ ವ್ಯತ್ಯಾಸವು ಅಳಿಯುವುದಿಲ್ಲ.

ಅಕ್ಷರಮಾರ್ಗದಲ್ಲಿ ಮುಖ್ಯವಾದುದು ಎಸ್‌ಎಸ್‌ಎಚ್. ಇದನ್ನು ೧೯೯೫ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ತಾತು ಯುಲೋನೆನ್ ರಚಿಸಿದರು. ಹಿಂದಿನ ಟೆಲ್‌ನೆಟ್ ಪದ್ಧತಿಯಲ್ಲಿ ಗುಪ್ತಪದವೂ ಬಯಲಾಗಿಯೇ ಹರಿಯುತ್ತಿತ್ತು. ಎಸ್‌ಎಸ್‌ಎಚ್ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ ಸಾಗಿಸುತ್ತದೆ. ಚಿತ್ರಮಾರ್ಗದಲ್ಲಿ ಎರಡು ಪ್ರಮುಖ ಪದ್ಧತಿಗಳಿವೆ. ಒಂದು, ೧೯೯೦ರ ದಶಕದಲ್ಲಿ ಕೇಂಬ್ರಿಜ್‌ನ ಒಲಿವೆಟ್ಟಿ ಪ್ರಯೋಗಾಲಯದಲ್ಲಿ ಹುಟ್ಟಿದ ವಿಎನ್‌ಸಿ. ಇನ್ನೊಂದು ಮೈಕ್ರೋಸಾಫ್ಟ್ ಸಂಸ್ಥೆಯ ಆರ್‌ಡಿಪಿ. ವಿಂಡೋಸ್‌ನ 'ಹೋಮ್' ಆವೃತ್ತಿಯು ಆರ್‌ಡಿಪಿಯ ಮೂಲಕ ಹೊರಗಿನ ನಿಯಂತ್ರಣವನ್ನು ಅಂಗೀಕರಿಸುವುದಿಲ್ಲವೆಂಬುದನ್ನು ಮೊದಲೇ ಗಮನಿಸಬೇಕು.

ಇನ್ನು ಬಾಗಿಲಿನ ವಿಚಾರ. ಯಂತ್ರವನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು ಅಪಾಯಕರ. ವಿಎನ್‌ಸಿಯ ಮೂಲ ಪದ್ಧತಿಯಲ್ಲಿ ಗುಪ್ತಪದದ ಎಂಟು ಅಕ್ಷರಗಳು ಮಾತ್ರ ಗಣನೆಗೆ ಬರುತ್ತವೆ. ತೆರೆಯ ಚಿತ್ರಕ್ಕೆ ಗೂಢಲಿಪಿಯ ರಕ್ಷಣೆಯಿಲ್ಲ. ವಿಂಡೋಸ್‌ನ ಹಳೆಯ ಆವೃತ್ತಿಗಳ ಆರ್‌ಡಿಪಿ ಸೇವೆಯಲ್ಲಿ ೨೦೧೯ರ ಮೇ ತಿಂಗಳಲ್ಲಿ 'ಬ್ಲೂಕೀಪ್' ಎಂಬ ದೋಷವು ಪ್ರಕಟವಾಯಿತು. ಅದು ಎಷ್ಟು ತೀವ್ರವಾಗಿತ್ತೆಂದರೆ, ಪೋಷಣೆ ನಿಂತುಹೋಗಿದ್ದ ವಿಂಡೋಸ್ ಎಕ್ಸ್‌ಪಿಗೂ ಸಂಸ್ಥೆಯು ಪರಿಹಾರವನ್ನು ಹೊರಡಿಸಬೇಕಾಯಿತು.

ಟೀಮ್‌ವ್ಯೂವರ್, ಎನಿಡೆಸ್ಕ್ ಮೊದಲಾದವು ಸಾಮಾನ್ಯವಾಗಿ ತಮ್ಮ ಸಂಸ್ಥೆಯ ಯಂತ್ರಗಳ ನೆರವಿನಿಂದ ಎರಡು ತುದಿಗಳನ್ನು ಕೂಡಿಸುತ್ತವೆ. ಅನುಕೂಲವು ದೊಡ್ಡದು, ಆದರೆ ನಂಬಿಕೆಯ ಒಂದು ಪಾಲನ್ನು ಮಧ್ಯವರ್ತಿಗೆ ಒಪ್ಪಿಸಿದಂತಾಗುತ್ತದೆ. ತನ್ನ ವ್ಯವಸ್ಥೆಯೊಳಕ್ಕೆ ಅನ್ಯರು ನುಗ್ಗಿದ್ದರೆಂದು ಎನಿಡೆಸ್ಕ್ ಸಂಸ್ಥೆಯೇ ೨೦೨೪ರ ಫೆಬ್ರವರಿಯಲ್ಲಿ ಪ್ರಕಟಿಸಿತು. ತಂತ್ರಾಂಶವು ನಿರ್ದೋಷವಾಗಿದ್ದರೂ ಮೋಸಕ್ಕೆ ಅವಕಾಶವುಂಟು. ದೂರವಾಣಿಯಲ್ಲಿ ಮಾತನಾಡುವ ವಂಚಕನು ಇಂಥ ತಂತ್ರಾಂಶವನ್ನು ಇಳಿಸಿಕೊಳ್ಳಹೇಳಿ, ಒಂಬತ್ತು ಅಂಕೆಗಳ ಸಂಕೇತವನ್ನು ಕೇಳಿ ಪಡೆದು, ಮೊಬೈಲನ್ನು ವಶಪಡಿಸಿಕೊಂಡು ಹಣವನ್ನು ಸಾಗಿಸುವ ಬಗೆಯನ್ನು ಭಾರತೀಯ ರಿಸರ್ವ್ ಬ್ಯಾಂಕು ೨೦೧೯ರ ಫೆಬ್ರವರಿಯಲ್ಲಿ ಬ್ಯಾಂಕುಗಳಿಗೆ ತಿಳಿಸಿ ಎಚ್ಚರಿಸಿತು. ಆ ಅಂಕೆಗಳು ಮನೆಯ ಬೀಗದ ಕೈಗೆ ಸಮಾನ.

ಕನ್ನಡದಲ್ಲಿ ಕೆಲಸಮಾಡುವವರು ಮತ್ತೊಂದನ್ನೂ ಪರೀಕ್ಷಿಸಬೇಕು. ಆರ್‌ಡಿಪಿಯು ಸಾಮಾನ್ಯವಾಗಿ ಒತ್ತಿದ ಕೀಲಿಯ ಸ್ಥಾನಸಂಖ್ಯೆಯನ್ನು ಕಳುಹಿಸುತ್ತದೆ. ವಿಎನ್‌ಸಿಯು ಕೀಲಿಯಿಂದ ಮೂಡಿದ ಚಿಹ್ನೆಯನ್ನು ಕಳುಹಿಸುತ್ತದೆ. ಹೀಗಿರುವುದರಿಂದ ಎರಡು ತುದಿಗಳಲ್ಲಿಯೂ ಕನ್ನಡ ಕೀಲಿಮಣೆಯನ್ನು ಜಾಗೃತಗೊಳಿಸಿದರೆ ಅಕ್ಷರಗಳು ಕೆಡಬಹುದು. ದೂರದ ಯಂತ್ರದಲ್ಲಿ ಕನ್ನಡವನ್ನೂ ಕೈಯಲ್ಲಿರುವ ಯಂತ್ರದಲ್ಲಿ ಇಂಗ್ಲಿಷನ್ನೂ ಇಟ್ಟುಕೊಳ್ಳುವುದು ಕ್ಷೇಮ. 'ರ‍್ಯಾಂಕ್' ಎಂಬ ಶಬ್ದವನ್ನು ಬರೆದು ನೋಡುವುದು ಒಳ್ಳೆಯ ಪರೀಕ್ಷೆ. ಇದರಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ಅಡಗಿದೆ. ಅದು ದಾರಿಯಲ್ಲಿ ಲೋಪವಾದರೆ ರಕಾರವು ಅರ್ಕಾವೊತ್ತಾಗಿ ಮಾರ್ಪಡುತ್ತದೆ.

ಮೇಲಿನ ವಿವೇಚನೆಯಿಂದ ನಿಷ್ಪನ್ನವಾಗುವುದಿಷ್ಟು. ಕಡತಗಳ ಪರಿಷ್ಕರಣ, ಗಣನೆ ಮೊದಲಾದ ಅಕ್ಷರಸಾಧ್ಯ ಕಾರ್ಯಗಳಿಗೆ ಎಸ್‌ಎಸ್‌ಎಚ್ ಉತ್ತಮ. ಅದರಲ್ಲಿ ಗುಪ್ತಪದಕ್ಕಿಂತ ಕೀಲಿಜೋಡಿಯ ಬಳಕೆ ಲೇಸು. ಚಿತ್ರವು ಅನಿವಾರ್ಯವಾದಲ್ಲಿ ಆರ್‌ಡಿಪಿಯನ್ನಾಗಲಿ ವಿಎನ್‌ಸಿಯನ್ನಾಗಲಿ ಎಸ್‌ಎಸ್‌ಎಚ್‌ನ ಸುರಂಗದೊಳಗೆ, ಇಲ್ಲವೇ ಸಂಸ್ಥೆಯ ಖಾಸಗಿ ಜಾಲವಾದ ವಿಪಿಎನ್ನಿನೊಳಗೆ ನಡೆಸಬೇಕು. ದೂರದ ಸಹೋದ್ಯೋಗಿಗೆ ಒಮ್ಮೆ ನೆರವಾಗಲು ಮಧ್ಯವರ್ತಿಯುಳ್ಳ ತಂತ್ರಾಂಶವು ಅನುಕೂಲ; ಕೆಲಸ ಮುಗಿದೊಡನೆ ಅದನ್ನು ತೆಗೆದುಹಾಕತಕ್ಕದ್ದು. ಮಧ್ಯವರ್ತಿಯೂ ತನ್ನದೇ ಆಗಿರಬೇಕೆನ್ನುವ ವಿಭಾಗವು ರಸ್ಟ್‌ಡೆಸ್ಕ್‌ನಂಥ ಮುಕ್ತ ತಂತ್ರಾಂಶವನ್ನು ಸ್ವಂತ ಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದು. ಆಗ ಅದನ್ನು ಕಾಯುವ ಹೊಣೆಯೂ ವಿಭಾಗದ್ದೇ ಆಗುತ್ತದೆ. ಭೂಸನೂರಿನ ನಮ್ಮ ಸಂಶೋಧಕನಿಗೆ ಮೊದಲನೆಯ ಮಾರ್ಗವೇ ಸಾಕು.