ಕಳೆದುಹೋದ ಪ್ರಶ್ನೆಯ ಪತ್ತೆ

ಮಡಿಕೇರಿಯಿಂದ ಘಟ್ಟವಿಳಿದು ಮಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಂಪಾಜೆ ಎಂಬ ಊರು ಸಿಗುತ್ತದೆ. ಈ ಹೆಸರಿನ ಗ್ರಾಮಗಳು ನಿಜವಾಗಿ ಎರಡು. ಒಂದು ಕೊಡಗಿನ ಮಡಿಕೇರಿ ತಾಲೂಕಿಗೆ ಸೇರಿದ್ದು. ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿನದು. ನಡುವೆ ಜಿಲ್ಲೆಯ ಗಡಿಯುಂಟು. ಮಳೆಗೆ ಈ ಗಡಿಯ ಗೊಡವೆಯಿಲ್ಲ. ಮಳೆಯ ಲೆಕ್ಕ ಕೇಳುವವರಿಗೆ ಮಾತ್ರ ಅದು ನೆನಪಿರಲೇಬೇಕು.

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಸುರಿದ ಮಳೆಯನ್ನು ಈ ಸೀಮೆಯ ಜನ ಮರೆತಿಲ್ಲ. ಸಂಪಾಜೆಗೂ ಮಡಿಕೇರಿಗೂ ನಡುವಣ ಜೋಡುಪಾಲದಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾಯಿತು. ಹೆದ್ದಾರಿಯಲ್ಲಿ ಸಂಚಾರ ನಿಂತುಹೋಯಿತು. ಆ ದಿನಗಳಲ್ಲಿ ಸಂಪಾಜೆಯಲ್ಲಿ ದಿನಕ್ಕೆ ಎಷ್ಟು ಮಳೆ ಬಿದ್ದಿತೆಂದು ಕಾಲೇಜು ವಿದ್ಯಾರ್ಥಿನಿಯೊಬ್ಬಳು ತಿಳಿಯಬಯಸಿದಳೆಂದು ಭಾವಿಸೋಣ. ಅಂಕಿಗಳಿಗೆ ಬರವಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಯ ಮಟ್ಟದವರೆಗೆ ಮಳೆಮಾಪಕಗಳನ್ನು ನೆಟ್ಟಿದೆ. ತಾವಾಗಿಯೇ ಅಳೆದು ಸುದ್ದಿ ಕಳಿಸುವ ಯಂತ್ರಗಳಿವು. ಕಾಲುಗಂಟೆಗೊಂದು ಅಳತೆಯೆಂದರೆ ಒಂದು ಮಾಪಕದಿಂದ ದಿನಕ್ಕೆ 96, ವರ್ಷಕ್ಕೆ 35,040 ಅಂಕಿಗಳಾದುವು. ಅಂಥ 6,000 ಮಾಪಕಗಳಿದ್ದರೆ ವರ್ಷವೊಂದಕ್ಕೆ 21 ಕೋಟಿ ಸಾಲುಗಳು! ಸುಳ್ಯ ಸೀಮೆಯ ಕೆಲವು ಅಡಿಕೆ ಕೃಷಿಕರು ತಮ್ಮ ಅಂಗಳದ ಮಳೆಯನ್ನು ದಶಕಗಳಿಂದ ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದಾರೆ; ಆದರೆ 21 ಕೋಟಿ ಸಾಲುಗಳನ್ನು ಯಾವ ಪುಸ್ತಕವೂ ತಾಳಲಾರದು.

ಇಂಥ ರಾಶಿಗಾಗಿಯೇ ಕ್ಲೌಡ್ ದತ್ತಾಂಶ ಭಂಡಾರಗಳು ಹುಟ್ಟಿವೆ. ಕ್ಲೌಡ್ ಎಂದರೆ ಮೋಡ. ಘಟ್ಟದ ಮೇಲಣ ಮೋಡಕ್ಕೂ ಇದಕ್ಕೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ. ದೂರದ ಕಟ್ಟಡಗಳಲ್ಲಿ ಸಾಲುಸಾಲಾಗಿ ನಿಂತ ಸಾವಿರಾರು ಗಣಕಯಂತ್ರಗಳನ್ನು ಬಾಡಿಗೆಗೆ ಪಡೆದು, ನಮ್ಮ ಅಂಕಿಗಳನ್ನು ಅಲ್ಲಿಟ್ಟು, ಮನೆಯಲ್ಲಿ ಕುಳಿತು ಪ್ರಶ್ನೆ ಕೇಳುವ ಏರ್ಪಾಡು ಇದು. ಗೂಗಲ್ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಬಿಗ್‌ಕ್ವೆರಿ, 2012ರಲ್ಲಿ ಸ್ಥಾಪನೆಯಾದ ಸ್ನೋಫ್ಲೇಕ್ ಸಂಸ್ಥೆಯ ಭಂಡಾರ ಇವೆರಡೂ ಹೆಸರುವಾಸಿಯಾದವು.

ಪ್ರಶ್ನೆ ಕೇಳುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ಅದರ ಬೇರು 1970ರಲ್ಲಿ ಎಡ್ಗರ್ ಕಾಡ್ ಬರೆದ ಒಂದು ಪ್ರಬಂಧದಲ್ಲಿದೆ. ಮಾಹಿತಿಯನ್ನೆಲ್ಲ ಕೋಷ್ಟಕಗಳಾಗಿ ಇಟ್ಟರೆ, ‘ನನಗೆ ಏನು ಬೇಕು’ ಎಂದಷ್ಟೇ ಹೇಳಿದರೆ ಸಾಕು, ಅದನ್ನು ಹುಡುಕುವ ದಾರಿ ಯಂತ್ರದ ಹೊಣೆ ಎಂಬುದು ಅವರ ಎಣಿಕೆ. ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬ ಐಬಿಎಂ ವಿಜ್ಞಾನಿಗಳು 1974ರಲ್ಲಿ ಇದಕ್ಕೊಂದು ಭಾಷೆಯ ರೂಪ ಕೊಟ್ಟರು. ಆದ್ದರಿಂದ ಪ್ರಶ್ನೆಯೆಂಬುದು ಓದಬಲ್ಲ ಕೆಲವು ವಾಕ್ಯಗಳಷ್ಟೆ. ‘ಮಳೆಯ ಕೋಷ್ಟಕದಿಂದ, ಸ್ಥಳ ಸಂಪಾಜೆಯಾಗಿರುವ ಸಾಲುಗಳನ್ನು ಆರಿಸಿ, ದಿನದಿನದ ಮೊತ್ತ ಹೇಳು’ ಎಂಬುದು ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯ ತಿರುಳು.

ಉತ್ತರ ಬಂದಿತು; ಅವಳು ಅದನ್ನು ತನ್ನ ಪ್ರಬಂಧದಲ್ಲಿ ಬರೆದುಕೊಂಡಳು. ಪ್ರಶ್ನೆಯನ್ನು ಉಳಿಸಿಕೊಳ್ಳಲಿಲ್ಲ. ತೆರೆಯ ಮೇಲಣ ಹಾಳೆಯನ್ನು ಹಾಗೆಯೇ ಮುಚ್ಚಿಬಿಟ್ಟಳು. ಎರಡು ತಿಂಗಳ ಮೇಲೆ ಅವಳ ಅಧ್ಯಾಪಕರು ಪ್ರಬಂಧ ಓದಿ ಎರಡೇ ಮಾತು ಕೇಳಿದರು: “ಇದು ಯಾವ ಜಿಲ್ಲೆಯ ಸಂಪಾಜೆ? ನಿನ್ನ ದಿನ ಶುರುವಾಗುವುದು ಎಷ್ಟು ಗಂಟೆಗೆ?”

ಎರಡನೆಯ ಪ್ರಶ್ನೆ ವಾಚಕರಿಗೆ ವಿಚಿತ್ರವಾಗಿ ಕಂಡೀತು. ದಿನವೆಂದರೆ ನಡುರಾತ್ರಿಯಿಂದ ನಡುರಾತ್ರಿಗೆ ಎಂದು ಗಣಕ ತಿಳಿಯುತ್ತದೆ. ಭಾರತದ ಹವಾಮಾನ ಇಲಾಖೆಗೆ ಹಾಗಲ್ಲ. ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಈ ವ್ಯತ್ಯಾಸ ಸಣ್ಣದೇನೂ ಅಲ್ಲ. ರಾತ್ರಿ 9 ಗಂಟೆಯಿಂದ ಬೆಳಗಿನ 6ರವರೆಗೆ 180 ಮಿಲಿಮೀಟರ್ ಮಳೆ ಸುರಿಯಿತೆನ್ನಿ. ಅದರಲ್ಲಿ ಅರ್ಧ ನಡುರಾತ್ರಿಗೆ ಮೊದಲು, ಅರ್ಧ ಆಮೇಲೆ. ಗಡಿಯಾರದ ದಿನದಂತೆ ಎಣಿಸಿದರೆ ಎರಡು ದಿನ ತಲಾ 90 ಮಿಲಿಮೀಟರ್ ಆಗುತ್ತದೆ. ಇಲಾಖೆಯ ಮಾತಿನಲ್ಲಿ ಇದು ‘ಭಾರೀ ಮಳೆ’. ಇಲಾಖೆಯ ದಿನದಂತೆ ಎಣಿಸಿದರೆ ಒಂದೇ ದಿನ 180 ಮಿಲಿಮೀಟರ್. 115.6 ಮಿಲಿಮೀಟರಿನಿಂದ ಮೇಲಕ್ಕೆ ಅದು ‘ಅತಿ ಭಾರೀ’. ಬಿದ್ದ ನೀರು ಅಷ್ಟೇ, ಮಾಪಕವೂ ಅದೇ. ಪಟ್ಟಿಯಲ್ಲಿ ಮಳೆಯ ಜಾತಿಯೇ ಬದಲಾಯಿತು. ಗುಡ್ಡ ಯಾವ ಮಳೆಗೆ ಜರಿಯುತ್ತದೆಂದು ಲೆಕ್ಕ ಹಾಕುವವರಿಗೆ ಇದು ಅಲಕ್ಷಿಸುವ ಮಾತಲ್ಲ. ಎಣಿಸಿದ ರೀತಿ ಯಾವುದೆಂಬುದು ಉತ್ತರದ ಅಂಕಿಯಲ್ಲಿ ಕಾಣಿಸುವುದಿಲ್ಲ. ಅದು ಪ್ರಶ್ನೆಯೊಳಗೆ ಇತ್ತು, ಪ್ರಶ್ನೆಯೇ ಈಗ ಇಲ್ಲ.

ಹಿಂದೆ ನಮ್ಮಲ್ಲಿ ಲೆಕ್ಕ ಬರೆಯುತ್ತಿದ್ದ ಕಡತವೆಂಬ ಕಪ್ಪು ಬಟ್ಟೆಯ ಪುಸ್ತಕ, ಬಳಪದಲ್ಲಿ ಬರೆದದ್ದನ್ನು ಅಳಿಸಿ ಮತ್ತೆ ಬರೆಯಲು ಬರುತ್ತಿತ್ತು. ತೆರೆಯ ಮೇಲಣ ಹಾಳೆಯೂ ಅಂಥದೇ. ಆದರೆ ಕ್ಲೌಡ್ ಭಂಡಾರದಲ್ಲಿ ಇನ್ನೊಂದು ಪುಸ್ತಕವುಂಟು. ಬಳಕೆದಾರರಲ್ಲಿ ಹಲವರು ಅದನ್ನು ತೆರೆದು ನೋಡಿರುವುದಿಲ್ಲ. ಬಾಡಿಗೆ ವಸೂಲಿ ಮಾಡಬೇಕಾದರೆ ಯಾರು, ಯಾವಾಗ, ಏನನ್ನು ಕೇಳಿದರು, ಅದಕ್ಕೆ ಎಷ್ಟು ದುಡಿಮೆಯಾಯಿತು ಎಂದು ಬರೆದಿಡಬೇಕಷ್ಟೆ. ಬಿಗ್‌ಕ್ವೆರಿಯ ಒಂದು ಬಗೆಯ ಶುಲ್ಕ ಓದಿದ ಮಾಹಿತಿಯ ಗಾತ್ರದ ಮೇಲೆ. ಸ್ನೋಫ್ಲೇಕಿನದು ಯಂತ್ರಗಳು ದುಡಿದ ಹೊತ್ತಿನ ಮೇಲೆ. ಹೀಗೆ ಹಣದ ಲೆಕ್ಕಕ್ಕೂ ಕಾವಲಿಗೂ ಇಟ್ಟ ದಿನಚರಿಯಲ್ಲಿ ಪ್ರಶ್ನೆಯ ಪಾಠವೂ ಅಕ್ಷರಶಃ ಉಳಿದಿರುತ್ತದೆ. ನಾವು ಮರೆತರೂ ಸಾಲ ಕೊಟ್ಟವನು ಮರೆಯುವುದಿಲ್ಲವಲ್ಲ!

ಇದನ್ನು ಇನ್ನೊಂದು ದಿನಚರಿಯೊಡನೆ ಬೆರೆಸಬಾರದು. ವಿದ್ಯುತ್ತು ಹೋದಾಗ ಅಂಕಿಗಳು ಕೆಡದಂತೆ, ಪ್ರತಿ ಬದಲಾವಣೆಯನ್ನೂ ಮೊದಲೇ ಬರೆದಿಟ್ಟುಕೊಳ್ಳುವ ಪದ್ಧತಿ ಬೇರೆ ಇದೆ. ಮದರಾಸಿನ ಐಐಟಿಯಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬ ವಿಧಾನ ಈ ಬಗೆಯದು. ಅದು ಅಂಕಿಗಳನ್ನು ಕಾಯುತ್ತದೆ. ನಮಗೆ ಬೇಕಾದದ್ದು ಪ್ರಶ್ನೆಗಳ ದಿನಚರಿ.

ಸೊಗಸೇನೆಂದರೆ, ಆ ದಿನಚರಿಯೂ ಒಂದು ಕೋಷ್ಟಕವೇ. ಆದ್ದರಿಂದ ಅದನ್ನೂ ಎಸ್‌ಕ್ಯೂಎಲ್‌ನಲ್ಲಿಯೇ ಪ್ರಶ್ನಿಸಬಹುದು. ‘ಎರಡು ತಿಂಗಳ ಹಿಂದಿನ ಆ ವಾರದಲ್ಲಿ, ನನ್ನ ಹೆಸರಿನಿಂದ ನಡೆದ, ಪಾಠದಲ್ಲಿ ಸಂಪಾಜೆ ಎಂಬ ಪದವುಳ್ಳ ಪ್ರಶ್ನೆಗಳನ್ನು ತೋರಿಸು’ ಎಂದರಾಯಿತು. ಪ್ರಶ್ನೆ ಪೂರ್ತಿ ನೆನಪಿರಬೇಕಾಗಿಲ್ಲ. ಅದರೊಳಗಿನ ಅಪರೂಪದ ಒಂದು ಪದ ನೆನಪಿದ್ದರೆ ಸಾಕು. ತಪ್ಪಿಹೋದ ಪ್ರಯತ್ನಗಳೂ ಅಲ್ಲಿರುತ್ತವೆ. ಅವುಗಳಲ್ಲಿ ಸರಿಯಾಗಿ ಮುಗಿದ ಕೊನೆಯದನ್ನು ಆರಿಸಬೇಕು. ವಾರದ ಮಿತಿ ಹಾಕದೆ ಎರಡನೆಯ ಸಲ ಹುಡುಕಿದಾಗ ಒಂದು ತಮಾಷೆಯಾಗುತ್ತದೆ: ಹುಡುಕಲು ಬರೆದ ಮೊದಲ ಪ್ರಶ್ನೆಯಲ್ಲಿಯೂ ಸಂಪಾಜೆ ಎಂಬ ಪದವಿದ್ದುದರಿಂದ ಅದೂ ಪಟ್ಟಿಯಲ್ಲಿ ಬಂದು ಕೂರುತ್ತದೆ!

ಗಡಿಯಾರದ ತೊಡಕು ಇಲ್ಲಿಯೂ ತಪ್ಪಿದ್ದಲ್ಲ. ಬಿಗ್‌ಕ್ವೆರಿಯ ದಿನಚರಿ ಬರೆಯುವುದು ಜಾಗತಿಕ ಪ್ರಮಾಣ ಕಾಲವನ್ನು; ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ 10ಕ್ಕೆ ಕೇಳಿದ ಪ್ರಶ್ನೆ ಅಲ್ಲಿ ಸಂಜೆ 4:30ರ ಲೆಕ್ಕದಲ್ಲಿರುತ್ತದೆ. ಬೆಳಗಿನ ಜಾವ ಕೇಳಿದ್ದಾದರೆ ಹಿಂದಿನ ದಿನಾಂಕದಲ್ಲಿ.

ಅವಧಿಯ ಮಾತು ಇನ್ನೂ ಮುಖ್ಯ. ಸ್ನೋಫ್ಲೇಕಿನಲ್ಲಿ ತೆರೆಯ ಮೇಲೆ ಸುಲಭವಾಗಿ ಕಾಣುವ ಇತಿಹಾಸ 14 ದಿನಗಳದು ಮಾತ್ರ. ಅಲ್ಲಿ ಕಾಣದಿದ್ದರೆ ಹೋಯಿತೆಂದು ಕೈಚೆಲ್ಲುವವರುಂಟು. ಒಳಗಿನ ಖಾತೆಯ ಕೋಷ್ಟಕದಲ್ಲಿ 365 ದಿನಗಳದು ಇರುತ್ತದೆ. ಬಿಗ್‌ಕ್ವೆರಿಯಲ್ಲಿ ಈ ಅವಧಿ 180 ದಿನ. ಆ ಕೋಷ್ಟಕ ಎಲ್ಲರಿಗೂ ತೆರೆದುಕೊಳ್ಳುವುದಿಲ್ಲ. ಮೇಲ್ವಿಚಾರಕರ ಅನುಮತಿ ಬೇಕು. ಅದು ನ್ಯಾಯವೇ; ಪ್ರಶ್ನೆಗಳ ಪಾಠದಲ್ಲಿ ಯಾರದೋ ಹೆಸರು, ಯಾರದೋ ಫೋನ್ ಸಂಖ್ಯೆ ಸೇರಿಕೊಂಡಿರಬಹುದಲ್ಲವೇ?

ಸಿಗದ ವಸ್ತುಗಳೂ ಇವೆ. ಬರೆದು, ನಡೆಸದೆ ಬಿಟ್ಟ ಪ್ರಶ್ನೆ ಭಂಡಾರದ ಬಾಗಿಲನ್ನೇ ಮುಟ್ಟಿರುವುದಿಲ್ಲ. ಈ ದಿನಚರಿಯಲ್ಲಿ ಅದರ ಸುಳಿವಿಲ್ಲ. ಒಂದು ಹಾಳೆಯಲ್ಲಿ ಹತ್ತು ಪ್ರಶ್ನೆಗಳಿದ್ದರೆ ಅವು ಹತ್ತು ಬಿಡಿ ಸಾಲುಗಳಾಗಿ ಸಿಗುತ್ತವೆ. ಹಾಳೆಯಲ್ಲಿ ಅವುಗಳನ್ನು ಜೋಡಿಸಿದ್ದ ಕ್ರಮವನ್ನು ನಾವೇ ಊಹಿಸಿಕೊಳ್ಳಬೇಕು.

ನಮ್ಮ ವಿದ್ಯಾರ್ಥಿನಿಗೆ ಎರಡು ತಿಂಗಳಷ್ಟೇ ಕಳೆದಿತ್ತು, ಪ್ರಶ್ನೆ ಸಿಕ್ಕಿತು. ಜಿಲ್ಲೆಯ ಹೆಸರೇ ಅದರಲ್ಲಿರಲಿಲ್ಲ! ಎರಡು ಸಂಪಾಜೆಗಳ ಮಳೆಯೂ ಕೂಡಿ ಒಂದೇ ಮೊತ್ತವಾಗಿತ್ತು, ದಿನವೂ ನಡುರಾತ್ರಿಯದಾಗಿತ್ತು. ಅವಳು ಅದನ್ನು ತಿದ್ದಿ, ಸುಳ್ಯದ ಸಂಪಾಜೆಗೆ, ಬೆಳಗಿನ 8:30ರ ದಿನಕ್ಕೆ ಮತ್ತೆ ಕೇಳಿದಳು. ಈ ಸಲ ಪ್ರಶ್ನೆಯನ್ನು ತನ್ನ ಕಡತದಲ್ಲಿ ಬರೆದುಕೊಂಡಳು. ಪ್ರಶ್ನೆಗೆ ಹೆಸರಿನ ಚೀಟಿ ಅಂಟಿಸುವ ಅನುಕೂಲ ಎರಡೂ ಭಂಡಾರಗಳಲ್ಲಿದೆ. ದಿನಚರಿಯಲ್ಲಿ ಆ ಚೀಟಿಯೂ ಉಳಿಯುತ್ತದೆ. ಅವಳು ಆರಿಸಿದ ಹೆಸರು ‘ಸುಳ್ಯ ಎಂಟೂವರೆ’.