ನಿಮಗಿದು ಗೊತ್ತೇ? ಪುಟ್ಟ ಉಂಗುರ, ಹಲವು ಓದು

ಬಿಳಿಚೋಡಿನ ಹೊಲವಿರಲಿ, ಹೊನ್ನಾಳಿಯ ಗದ್ದೆಯಿರಲಿ, ಎಲೆ ಮುದುಡಿ ಹಳದಿಯಾದರೆ ರೈತರು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಯಾವ ಔಷಧಿ ಹೊಡೀಬೇಕು?" ಉತ್ತರ ರೋಗ ತರುವ ನಂಜಿನ (ವೈರಸ್ಸಿನ) ಡಿಎನ್‌ಎಯಲ್ಲೇ ಇದೆ.

● ಟೊಮೆಟೊ ಎಲೆ ಮುದುಡು ರೋಗ ತರುವ ವೈರಸ್‌ಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರಿದೆ, ಇನ್ನೊಂದಕ್ಕೆ ಕರ್ನಾಟಕದ್ದು. ಗಿಡದಿಂದ ಗಿಡಕ್ಕೆ ಇವನ್ನು ಹೊತ್ತೊಯ್ಯುವುದು ಬಿಳಿ ನೊಣ.

● ಇವುಗಳ ಡಿಎನ್‌ಎ ಉಂಗುರದಂತಿದೆ. ಉದ್ದ ಸುಮಾರು 2,700 ಅಕ್ಷರ. ಮನುಷ್ಯನದು ಸುಮಾರು 300 ಕೋಟಿ!

● ಡಿಎನ್‌ಎಯಿಂದ ಆರ್‌ಎನ್‌ಎ ಬರೆಯುವ ಕಿಣ್ವ ಈ ವೈರಸ್‌ಗಳಲ್ಲಿಲ್ಲ. ಗಿಡದ ಕೋಶಕೇಂದ್ರ ಹೊಕ್ಕು, ಗಿಡದ ಆರ್‌ಎನ್‌ಎ ಪಾಲಿಮರೇಸ್‌ನಿಂದಲೇ ಬರೆಸಿಕೊಳ್ಳುತ್ತವೆ.

● 'ವಿಕಟಕವಿ'ಯನ್ನು ಯಾವ ಕಡೆಯಿಂದ ಓದಿದರೂ ಒಂದೇ. ಈ ಉಂಗುರ ಹಾಗಲ್ಲ. ಒಂದೇ ಜಾಗದಿಂದ ಎಡಕ್ಕೊಂದು, ಬಲಕ್ಕೊಂದು ಓದು ಹೊರಡುತ್ತದೆ. ಎರಡರಿಂದಲೂ ಬೇರೆ ಬೇರೆ ಪ್ರೋಟೀನು ಬರುತ್ತದೆ.

● 'ಮರಾ ಮರಾ' ಎನ್ನುತ್ತಾ ಹೋದರೆ 'ರಾಮ ರಾಮ' ಕೇಳಿಸುತ್ತದಲ್ಲ, ಹಾಗೆಯೇ ಈ ಉಂಗುರದ ಸಿ1 ಎಂಬ ಜೀನನ್ನು ಅಕ್ಷರ ಸರಿಸಿ ಓದಿದರೆ ಅದರೊಳಗೇ ಸಿ4 ಎಂಬ ಇನ್ನೊಂದು ಜೀನು ಸಿಗುತ್ತದೆ.

● ಕಡಲೆ ಗಿಡವನ್ನು ಗಿಡ್ಡಾಗಿಸುವ, ಜಿಗಿಹುಳು ಹರಡುವ ವೈರಸ್ಸಿನದು ಇನ್ನೊಂದು ಜಾಣ್ಮೆ. ಅದರ ಆರ್‌ಎನ್‌ಎಯ ನಡುವಿನ ತುಂಡು ಕತ್ತರಿಸಿ ತುದಿಗಳನ್ನು ಬೆಸೆದರೆ, ಡಿಎನ್‌ಎಯ ಪ್ರತಿ ಮಾಡಿಸುವ ಪ್ರೋಟೀನು ಸಿದ್ಧ. ಕತ್ತರಿಸದೆ ಬಿಟ್ಟರೆ ಬೇರೊಂದು ಪ್ರೋಟೀನು. ಕತ್ತರಿಯೂ ಗಿಡದ್ದೇ!

● ಭತ್ತದ ತುಂಗ್ರೋ ರೋಗದಲ್ಲಿ ಎರಡು ವೈರಸ್‌ಗಳು ಜೊತೆಗೂಡುತ್ತವೆ. ಅವುಗಳಲ್ಲಿ ಡಿಎನ್‌ಎ ಇರುವುದರ ಉದ್ದ ಸುಮಾರು 8,000 ಅಕ್ಷರ. ಅದರ ಒಂದು ಜೀನಿಗಾಗಿ ಆರ್‌ಎನ್‌ಎಯಿಂದ ಕತ್ತರಿಸಿ ಬಿಸಾಡುವುದೇ ಸುಮಾರು 6,300!

● ಈ ಕತ್ತರಿಸಿ ಬೆಸೆಯುವ ಕ್ರಿಯೆ ಮೊದಲು ಬೆಳಕಿಗೆ ಬಂದದ್ದೂ ವೈರಸ್ಸಿನಿಂದಲೇ. 1977ರಲ್ಲಿ ಮನುಷ್ಯನನ್ನು ಕಾಡುವ ಅಡಿನೋವೈರಸ್ಸಿನಲ್ಲಿ ಇದನ್ನು ಕಂಡ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ 1993ರಲ್ಲಿ ನೊಬೆಲ್ ಪಡೆದರು.

● ಗಿಡದ ವೈರಸ್ಸಿನ ಡಿಎನ್‌ಎ ತುಣುಕು ಹತ್ತಿಯ ಹೊಲಕ್ಕೂ ಬಂದಿದೆ. 2002ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯಲ್ಲಿ 'ಇಲ್ಲಿಂದ ಓದು' ಎನ್ನುವ 35ಎಸ್ ಗುರುತು ಹೂಕೋಸಿನ ವೈರಸ್ಸಿನದು.

● ಹಾಗಾದರೆ ಔಷಧಿ? ಓದುವ, ಕತ್ತರಿಸುವ, ಬೆಸೆಯುವ ಯಂತ್ರಗಳೆಲ್ಲ ಗಿಡದ್ದೇ ಆದ್ದರಿಂದ ಅವನ್ನು ನಿಲ್ಲಿಸಿದರೆ ಗಿಡವೇ ಉಳಿಯದು. ನಂಜು ಹೊಕ್ಕ ಮೇಲೆ ಯಾವ ಸಿಂಪಡಣೆಯೂ ಅದನ್ನು ಗುಣಪಡಿಸದು. ಹೊಗದಂತೆ ತಡೆಯಬೇಕು: ಸಸಿಮಡಿಗೆ ನೈಲಾನ್ ಪರದೆ ಕಟ್ಟಿ, ರೋಗದ ಗಿಡವನ್ನು ಕಂಡೊಡನೆ ಕಿತ್ತುಹಾಕಿ, ರೋಗ ತಾಳುವ ತಳಿ ಆರಿಸಿಕೊಳ್ಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಕ್ರಾಂತಿ, ನಂದಿ, ವೈಭವ್, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅಂಥ ಟೊಮೆಟೊಗಳು.