ಬೀದಿಗಿಳಿದು ಬಂದ ಕಲೆ

ಕಲೆಯೆಂದರೆ ಮುಖ ಬಿಗಿದುಕೊಂಡು ನೋಡತಕ್ಕ ವಸ್ತು ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ. ಬಾಗಿಲ ಮುಂದೆ ರಂಗೋಲಿ ಬಿಡಿಸುವ ತಾಯಂದಿರಾಗಲಿ, ನವರಾತ್ರಿಗೆ ಬೊಂಬೆ ಜೋಡಿಸುವ ಮಕ್ಕಳಾಗಲಿ ತಾವು ಕಲೆಯ ಕೆಲಸ ಮಾಡುತ್ತಿದ್ದೇವೆಂದು ಭಾವಿಸುವುದಿಲ್ಲ. ಅವರಿಗೆ ಅದು ಹಬ್ಬ, ಆಟ. ಅದೇ ಜನ ಚಿತ್ರಶಾಲೆಯ ಬಾಗಿಲಿಗೆ ಬಂದರೆ ‘ಇದು ನಮ್ಮಂಥವರಿಗಲ್ಲ’ ಎಂದು ಹಿಂಜರಿಯುತ್ತಾರೆ. ಈ ಹಿಂಜರಿಕೆಯನ್ನು ಹೋಗಲಾಡಿಸುವ ಕೆಲವು ವಿನೋದದ ಪ್ರಯೋಗಗಳು ನಮ್ಮ ಮುಂಬಯಿಯಲ್ಲಿಯೇ ನಡೆದಿವೆ. ಮನೆಮಂದಿಯೆಲ್ಲ ತಿಳಿಯಬೇಕಾದ ಸಂಗತಿಗಳಿವು.

ಸವಾರನಿಲ್ಲದ ಕುದುರೆ

ಮೊದಲು ಕಾಳಾಘೋಡಾ. ಅಲ್ಲಿ ಹಿಂದೆ ಕುದುರೆಯೇರಿದ ಏಳನೆಯ ಎಡ್ವರ್ಡನ ಪ್ರತಿಮೆಯಿತ್ತು. 1965ರಲ್ಲಿ ಅದನ್ನು ಭಾಯಖಳದ ರಾಣಿಬಾಗಿಗೆ ಸಾಗಿಸಿದರು. ದೊರೆ ಹೋದರೂ ಕುದುರೆಯ ಹೆಸರು ಆ ಸ್ಥಳಕ್ಕೆ ಅಂಟಿಕೊಂಡೇ ಉಳಿಯಿತು. 2017ರಲ್ಲಿ ಅಲ್ಲಿ ಹೊಸದೊಂದು ಕರಿ ಕುದುರೆಯನ್ನು ನಿಲ್ಲಿಸಿದರು; ಬೆನ್ನ ಮೇಲೆ ಸವಾರನಿಲ್ಲ! ಜನರ ನಾಲಗೆ ಉಳಿಸಿಕೊಂಡದ್ದು ಕುದುರೆಯನ್ನೇ ಹೊರತು ದೊರೆಯನ್ನಲ್ಲವಷ್ಟೆ.

1999ರಲ್ಲಿ ಇಲ್ಲಿ ಆರಂಭವಾದ ಕಲೋತ್ಸವಕ್ಕೆ ಟಿಕೇಟಿನ ಹಂಗಿಲ್ಲ. ಹಳೆಯ ಡಬ್ಬಿ, ಗುಜರಿ ಕಬ್ಬಿಣಗಳೇ ಅಲ್ಲಿ ಆನೆಯೋ ಹಕ್ಕಿಯೋ ಆಗಿ ಮಕ್ಕಳನ್ನು ನಗಿಸುತ್ತವೆ. ಪಕ್ಕದ ಜಹಾಂಗೀರ್ ಚಿತ್ರಶಾಲೆ 1952ರಲ್ಲಿ ತೆರೆಯಿತು. ಅದು ಆಗಬೇಕೆಂದು ಒತ್ತಾಯಿಸಿದವರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದ ನಮ್ಮ ಕೆ. ಕೆ. ಹೆಬ್ಬಾರರೂ ಒಬ್ಬರು ಎಂಬುದು ಕನ್ನಡಿಗರಿಗೆ ಅಭಿಮಾನದ ಮಾತು.

ಟ್ಯಾಕ್ಸಿಯೊಳಗಿನ ಚಿತ್ರಶಾಲೆ

2015ರಲ್ಲಿ ಸಂಕೇತ್ ಅವ್ಲಾನಿ ಎಂಬ ವಿನ್ಯಾಸಗಾರರಿಗೆ ಒಂದು ವಿಚಾರ ಹೊಳೆಯಿತು. ಊರಿನ ಟ್ಯಾಕ್ಸಿಗಳಲ್ಲಿ ದಿನವೂ ಸಾವಿರಾರು ಜನ ಕೂರುತ್ತಾರೆ. ಆದರೆ ಸೀಟಿನ ಬಟ್ಟೆಯನ್ನು ನೋಡುವವರಾರು? ತರುಣ ಕಲಾವಿದರಿಂದ ಚಿತ್ರ ಬರೆಸಿ, ಬಟ್ಟೆಯ ಮೇಲೆ ಅಚ್ಚು ಹಾಕಿಸಿ, ಸೀಟಿಗೂ ಛಾವಣಿಗೂ ಹೊಲಿಸಿದರು. ‘ಟ್ಯಾಕ್ಸಿ ಫ್ಯಾಬ್ರಿಕ್’ ಎಂದು ಅದರ ಹೆಸರು. ಒಂದು ಟ್ಯಾಕ್ಸಿಯಲ್ಲಂತೂ ಕಿವುಡರ ಕೈಸನ್ನೆಯ ಅಕ್ಷರಮಾಲೆಯೇ ಇತ್ತು; ದಾರಿ ಸವೆಯುವಷ್ಟರಲ್ಲಿ ಪ್ರಯಾಣಿಕನು ನಾಲ್ಕು ಅಕ್ಷರ ಕಲಿಯಬಹುದಾಗಿತ್ತು! ಟ್ಯಾಕ್ಸಿಯಲ್ಲಿ ಕುಳಿತವನು ತಾನಾಗಿ ಮಾತಿಗೆಳೆದರೆ ಹಗಲೆಲ್ಲ ಗಾಲಿ ಹಿಡಿದ ಚಾಲಕನಿಗೂ ಅದೊಂದು ಗೌರವವೇ. 2023ರ ಅಕ್ಟೋಬರಿನಲ್ಲಿ ಹಳೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ನಿವೃತ್ತಿ ಹೊಂದಿದವು. ಇಂಥ ಕಲೆಗೆ ಆಯುಷ್ಯ ಕಡಿಮೆ. ರಂಗೋಲಿಗೂ ಹಾಗೆಯೇ ಅಲ್ಲವೆ?

ಮೀನಿನ ಧಕ್ಕೆಯಲ್ಲಿ

ಕೊಲಾಬಾದ ಸಸೂನ್ ಡಾಕ್ 1875ರದು. ಮೂಗು ಮುಚ್ಚಿಕೊಂಡು ದಾಟುವ ಆ ಸ್ಥಳಕ್ಕೆ 2017ರ ನವೆಂಬರ್-ಡಿಸೆಂಬರಿನಲ್ಲಿ ಜನ ಚಿತ್ರ ನೋಡಲು ಬಂದರು. ಅಲ್ಲಿ ದುಡಿಯುವ ಕೋಳಿ ಜನರ ಮುಖಗಳನ್ನೇ ದೊಡ್ಡದಾಗಿ ಗೋಡೆಗಳಿಗೆ ಅಂಟಿಸಿದ್ದರು. ಸಿಂಗಪುರದ ತಾನ್ ಝಿ ಶಿ ಎಂಬ ಕಲಾವಿದೆ ಪ್ಲಾಸ್ಟಿಕ್ ಕಸವನ್ನೆಲ್ಲ ತಲೆಯ ಮೇಲೆ ತೂಗಹಾಕಿದ್ದರು. ಕೆಳಗೆ ನಿಂತವನಿಗೆ ತಾನು ಸಮುದ್ರದೊಳಗಿನ ಮೀನೆಂಬ ಭ್ರಮೆ! ನಗು ಬರುವಷ್ಟರಲ್ಲಿ, ಆ ಕಸದಲ್ಲಿ ನಮ್ಮ ಮನೆಯದೂ ಇದ್ದೀತೆಂಬ ಯೋಚನೆ ಬರುತ್ತದೆ. ನೂರು ಭಾಷಣಗಳು ಮಾಡದ ಕೆಲಸವಿದು.

ಬಣ್ಣದಿಂದ ಹೊಟ್ಟೆ ತುಂಬೀತೆ?

ಅದೇ ಚಳಿಗಾಲದಲ್ಲಿ ಘಾಟ್ಕೋಪರಿನ ಅಸಲ್ಫಾ ಗುಡ್ಡದ ಜೋಪಡಿಗಳ ಗೋಡೆಗಳಿಗೆ ಸ್ವಯಂಸೇವಕರು ಬಣ್ಣ ಬಳಿದರು. ಮೆಟ್ರೋದಲ್ಲಿ ಹೋಗುವವರು ಕತ್ತೆತ್ತಿ ನೋಡಿದರು. ಆದರೆ ಒಂದು ಪ್ರಶ್ನೆ ಏಳದಿರದು: ಬಣ್ಣ ಬಳಿದರೆ ನಲ್ಲಿಗೆ ನೀರು ಬಂದೀತೆ? ಮಳೆಗಾಲದಲ್ಲಿ ಗುಡ್ಡ ಜಾರದಿದ್ದೀತೆ? ಪ್ರಶ್ನೆ ನ್ಯಾಯವಾದದ್ದು. ಬಣ್ಣವು ಬಡತನಕ್ಕೆ ಮುಸುಕಾಗಬಾರದು. ತನ್ನ ಮನೆಯ ಗೋಡೆಯನ್ನು ಊರು ಮೆಚ್ಚಿತೆಂಬ ಹೆಮ್ಮೆಯೂ ಸಣ್ಣದಲ್ಲ. ಆದರೆ ಅಷ್ಟಕ್ಕೇ ಕೆಲಸ ಮುಗಿಯಿತೆನ್ನುವಂತಿಲ್ಲ.

ಕುಚೋದ್ಯವೂ ಕೆಲಸ ಮಾಡಿಸಬಲ್ಲದೆಂಬುದಕ್ಕೆ ತವರುನಾಡಿನ ಬಾದಲ್ ನಂಜುಂಡಸ್ವಾಮಿಯವರೇ ಸಾಕ್ಷಿ. 2015ರಲ್ಲಿ ಅವರು ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಯ ಗುಂಡಿಯಲ್ಲಿ ಮೊಸಳೆಯನ್ನು ಬಿಟ್ಟರು, ಬೊಂಬೆ ಮೊಸಳೆ! 2019ರಲ್ಲಿ ಹೇರೋಹಳ್ಳಿಯ ಹೊಂಡಗಳ ನಡುವೆ ಗಗನಯಾತ್ರಿಯೊಬ್ಬನನ್ನು ಚಂದ್ರನ ಮೇಲೆಂಬಂತೆ ನಡೆಸಿದರು. ಊರೆಲ್ಲ ನಕ್ಕಿತು, ಎರಡು ಕಡೆಯೂ ರಸ್ತೆ ದುರಸ್ತಿಯಾಯಿತು. ಅರ್ಜಿಗೆ ಅಲುಗದ ಕಚೇರಿ ನಗುವಿಗೆ ಅಲುಗಿತು.

ಊರು ಬಿಟ್ಟು ಬಂದ ನಮಗೆ ಖೋಲಿ ಚಿಕ್ಕದು, ಬಿಡುವು ಇನ್ನೂ ಚಿಕ್ಕದು. ಆದರೂ ಫೆಬ್ರವರಿಯ ಒಂದು ಸಂಜೆ ಮಕ್ಕಳನ್ನು ಕಾಳಾಘೋಡಾಕ್ಕೆ ಕರೆದೊಯ್ಯಿರಿ. ‘ಇದರ ಅರ್ಥವೇನು?’ ಎಂದು ಅವರನ್ನು ಪರೀಕ್ಷಿಸಬೇಡಿ. ಅವರು ತೋರಿಸಿದ್ದನ್ನು ನೀವು ನೋಡಿರಿ. ಮನೆಗೆ ಬಂದು ಮಗು ಗೋಡೆಯ ಮೇಲೆ ಗೀಚಿದರೆ, ಗದರುವ ಮೊದಲು ಒಂದು ಹಾಳೆ ಕೊಡಿ. ‘ಅ’ ಅಕ್ಷರವನ್ನು ಆನೆಯಾಗಿಸು, ‘ಮ’ ಅಕ್ಷರವನ್ನು ಮೀನಾಗಿಸು ಎನ್ನಿ. ಚಿತ್ರವೂ ಬಂದೀತು, ಕನ್ನಡವೂ ಕೈಗೆ ಹತ್ತೀತು.